ಏಳೇ ಜನ ನೋಡಿದ ಪುಟ

ಅಕ್ಟೋಬರ್ ೨೨, ಮಂಗಳವಾರ

ಹೊಸ ಕೆಲಸ ಬಂದಿದೆ, ಅಂದರೆ ಹೊಸ ತಿಪ್ಪೆ. ಕಾಲ್ವೆರ್ಟಾ ಎಂಬ ಗ್ಯಾಸ್ ಗೀಸರ್ ಕಂಪನಿಯ ವೆಬ್‌ಸೈಟ್. ಕರೆಂಟ್ ಕಡಿತ ಶುರುವಾದಾಗಿನಿಂದ ಕ್ವಿಟೊದಲ್ಲಿ ಕರೆಂಟ್ ಶವರ್ ನಂಬಿಕೊಂಡಿದ್ದವರೆಲ್ಲ ಗ್ಯಾಸ್ ಗೀಸರ್ ಹುಡುಕುತ್ತಿದ್ದಾರೆ. ಹುಡುಕಿದವರಿಗೆ ಕಾಲ್ವೆರ್ಟಾ ಸಿಗುತ್ತಿಲ್ಲವಂತೆ, ಬೇರೆಯವರೇ ಮೊದಲು ಸಿಗುತ್ತಾರಂತೆ. ಅದಕ್ಕೇ ಅವರಿಗೆ ಹೊಟ್ಟೆಯುರಿ. ವಿಲ್ಮರ್ ಈ ಕೆಲಸ ಹಿಡಿದು ತಂದು ನನ್ನ ತಲೆಗೆ ಕಟ್ಟಿದ್ದಾನೆ. ಏಜೆನ್ಸಿ ಅವನದು, ಬೆನ್ನುನೋವು ನನ್ನದು.

ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಕರೆಂಟ್ ಇತ್ತು. ಆ ಮೂರು ಗಂಟೆಯಲ್ಲಿ ನನ್ನ ಜೇಡವನ್ನು, ಅಂದರೆ ಪುಟ ತಡಕುವ ಪ್ರೋಗ್ರಾಮನ್ನು, ಸೈಟಿನೊಳಕ್ಕೆ ಬಿಟ್ಟೆ. ಸರ್ಚ್ ಇಂಜಿನ್ನಿನ ಜೇಡ ಹೇಗೆ ಲಿಂಕ್‌ನಿಂದ ಲಿಂಕ್‌ಗೆ ತೆವಳುತ್ತದೋ ಇದೂ ಹಾಗೆಯೇ ತೆವಳಿ, ಎಲ್ಲಿ ಸಿಕ್ಕಿಬೀಳುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂದು ವರದಿ ಕೊಡುತ್ತದೆ. ಮಾರುವುದು ಹದಿನಾಲ್ಕು ಗೀಸರ್, ಪುಟಗಳು ಆರು ಸಾವಿರ! ಬಿಳಿ ಬಣ್ಣದ್ದಕ್ಕೊಂದು ಪುಟ, ಬಿಳಿ ಮತ್ತು ಅಗ್ಗದ್ದಕ್ಕೊಂದು, ಅಗ್ಗದ್ದು ಮತ್ತು ಬಿಳಿಯದ್ದಕ್ಕೆ ಇನ್ನೊಂದು. ಸರ್ಚ್ ಇಂಜಿನ್ ಪಾಪ ಈ ಹೊಲಸಿನಲ್ಲೇ ಸುತ್ತಿ ಸುಸ್ತಾಗಿ ವಾಪಸ್ ಹೋಗುತ್ತದೆ. ಪಟ್ಟಿ ಮಾಡಿ ಕೊನೆಯ ಕಾಲಂನಲ್ಲಿ 'ಕಸ', 'ಕಸ', 'ಕಸ' ಎಂದು ತುಂಬುತ್ತ ಹೋದೆ. ಬೇರೆಯವರು 'ತೆಗೆಯಬಹುದು' ಎಂದು ಮೆತ್ತಗೆ ಬರೆಯುತ್ತಾರೆ. ನನಗೆ ಆ ನಾಜೂಕು ಬರುವುದಿಲ್ಲ.

ಕೆಳಗಿನ ಮನೆಯ ತಾರ್ಹೇಲಿಯಾ ಮತ್ತೆ ಸೂಪ್ ತಂದಿದ್ದಳು. ಕುರಿ ರಕ್ತ ಹಾಕಿದ ಆಲೂಗಡ್ಡೆ ಸೂಪ್. ವಾಸನೆಗೇ ಓಕರಿಕೆ ಬಂತು. ಬಾಗಿಲಲ್ಲೇ ನಿಂತು, "ತಣ್ಣೀರಲ್ಲಿ ಮೀಯೋದು ಇನ್ನು ನನ್ನ ಕೈಲಾಗಲ್ಲ ಮಗಳೇ. ಒಂದು ಗ್ಯಾಸ್ ಗೀಸರ್ ತಗೋಬೇಕು ಅಂತಿದೀನಿ. ಯಾವುದು ಒಳ್ಳೇದು ಅಂತ ಆ ಇಂಟರ್ನೆಟ್ಟಲ್ಲಿ ಒಂಚೂರು ನೋಡಿಕೊಡು, ದೇವರು ಒಳ್ಳೇದು ಮಾಡ್ಲಿ" ಎಂದಳು. ನೋಡೋಣ ಎಂದೆ. ಸೂಪನ್ನು ಸಿಂಕಿಗೆ ಸುರಿದೆ.

ಅಕ್ಟೋಬರ್ ೨೩, ಬುಧವಾರ

ಇವತ್ತು ಜನ ಏನು ಟೈಪ್ ಮಾಡಿ ಈ ಸೈಟಿಗೆ ಬರುತ್ತಾರೆ ಎಂಬ ಪಟ್ಟಿ ನೋಡಿದೆ. ಜನರ ತಲೆಯೊಳಗೆ ಕೈ ಹಾಕಿದ ಹಾಗೆ, ಅಷ್ಟು ಹೇಸಿಗೆ. 'ಅಗ್ಗದ ಗೀಸರ್', 'ತುಂಬಾ ಅಗ್ಗದ ಗೀಸರ್', 'ಬಳಸಿದ ಗೀಸರ್'. ಜೊತೆಗೆ ಕಂಪನಿಯ ಸಿವಿ ಹತ್ತು ಎಂಬ ಮಾದರಿಯ ಹೆಸರು ಹಿಡಿದು ಸಂಬಂಧವೇ ಇಲ್ಲದ್ದು: 'ಸಿವಿ ಹತ್ತು ಗೀಸರ್ ತಲೆನೋವು', 'ಸ್ನಾನ ಮಾಡಿದರೆ ತಲೆಸುತ್ತು ಸಿವಿ ಹತ್ತು', 'ಸಿವಿ ಹತ್ತು ಮಕ್ಕಳಿಗೆ ವಾಂತಿ'. ಡಾಕ್ಟರನ್ನು ಕೇಳುವ ಬದಲು ಅಂಗಡಿಯನ್ನು ಕೇಳುತ್ತಾರೆ ದರಿದ್ರದವರು. ಇಂಥವನ್ನೆಲ್ಲ 'ಅಪ್ರಸ್ತುತ' ಎಂಬ ಗುಂಪಿಗೆ ದೂಡಿದೆ.

ಹನ್ನೊಂದಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಎದುರು ಅಂಗಡಿಯವನ ಜನರೇಟರಿನ ಹೊಗೆ ನೇರ ನನ್ನ ಕಿಟಕಿಗೆ.

ಅಕ್ಟೋಬರ್ ೨೫, ಶುಕ್ರವಾರ

ಥೂ.

ಲಿಂಕ್ ಹಿಡಿದು ಹೋದರೆ ಸಿಗುವ ಪುಟಗಳ ಪಟ್ಟಿ ಒಂದು ಕಡೆ, ಸರ್ವರ್‌ನಲ್ಲಿ ನಿಜಕ್ಕೂ ಇರುವ ಪುಟಗಳ ಪಟ್ಟಿ ಇನ್ನೊಂದು ಕಡೆ ಇಟ್ಟು ತಾಳೆ ನೋಡಿದೆ. ಇದು ನನ್ನ ಹಳೆಯ ಅಭ್ಯಾಸ. ಎರಡನೆಯದರಲ್ಲಿದ್ದು ಮೊದಲನೆಯದರಲ್ಲಿ ಇಲ್ಲದ್ದು ಅನಾಥ ಪುಟ. ನಾನೂರಕ್ಕೂ ಹೆಚ್ಚು ಸಿಕ್ಕವು. ಹೆಚ್ಚಿನವು ಹಳೆಯ ಕ್ರಿಸ್‌ಮಸ್ ರಿಯಾಯಿತಿ, ಮುಗಿದುಹೋದ ಲಾಟರಿ. ಅವುಗಳ ನಡುವೆ ಒಂದು: 'ಸುರಕ್ಷತಾ ಎಚ್ಚರಿಕೆ, ಸಿವಿ ಹತ್ತು ಮಾದರಿ'.

ಓದಿದೆ. ಆ ಮಾದರಿಯ ಮೊದಲೆರಡು ವರ್ಷದ ಗೀಸರ್‌ಗಳಲ್ಲಿ ಹೊಗೆ ಹೊರಹೋಗುವ ಬಾಯಿಯ ತಗಡು ಬಿಸಿಗೆ ಬಾಗಿ ಮುಚ್ಚಿಕೊಳ್ಳಬಹುದು. ವಿಷಗಾಳಿ ಮನೆಯೊಳಗೇ ಉಳಿಯಬಹುದು. ತಲೆನೋವು, ತಲೆಸುತ್ತು, ವಾಂತಿ ಕಂಡರೆ ತಕ್ಷಣ ನಿಲ್ಲಿಸಿ. ಬದಲಿ ತಗಡು ಉಚಿತ. ಫೋನ್ ನಂಬರು.

ಆ ಪುಟದ ತಲೆಯಲ್ಲಿ ಸರ್ಚ್ ಇಂಜಿನ್ನಿಗೆ ಒಂದು ಆಜ್ಞೆ ಇದೆ: ಇದನ್ನು ಪಟ್ಟಿಗೆ ಸೇರಿಸಬೇಡ. ಸೈಟಿನ ನಕ್ಷೆಯಲ್ಲಿ ಅದರ ಹೆಸರಿಲ್ಲ. ಯಾವ ಪುಟದಿಂದಲೂ ಲಿಂಕ್ ಇಲ್ಲ. ವಿಳಾಸ ಬಾಯಿಪಾಠ ಇದ್ದವರಿಗೆ ಮಾತ್ರ ತೆರೆಯುತ್ತದೆ. 'ಸಿವಿ ಹತ್ತು ತಲೆನೋವು' ಎಂದು ನಾನೇ ಟೈಪ್ ಮಾಡಿದೆ. ಮೊದಲು ಬಂದದ್ದು ಕಾಲ್ವೆರ್ಟಾದ್ದೇ ಮಾರಾಟದ ಪುಟ: 'ಹೊಸ ಸಿವಿ ಹತ್ತು! ಈಗಲೇ ಆರ್ಡರ್ ಮಾಡಿ!' ಕೆಳಗೆ ಒಬ್ಬ ನಗುವ ಹೆಂಗಸು, ತಲೆಗೆ ಟವೆಲ್ ಸುತ್ತಿಕೊಂಡು.

ಮಾಡಿದ್ದು ಗೊತ್ತಾಗದಿರಲಿ ಎಂದು ಇಷ್ಟು ಅಚ್ಚುಕಟ್ಟಾಗಿ ಹೂತುಹಾಕಿದ್ದಾರೆ. ಮೂರು ಬೀಗ ಹಾಕಿದ್ದಾರೆ. ಹದಿನೇಳು ವರ್ಷ ಈ ಕೆಲಸ ಮಾಡಿದ್ದೇನೆ, ಸೋಮಾರಿಗಳನ್ನು ನೋಡಿದ್ದೇನೆ, ದಡ್ಡರನ್ನು ನೋಡಿದ್ದೇನೆ. ಇಂಥ ನೀಚರನ್ನು ನೋಡಿದ್ದು ಇದೇ ಮೊದಲು. ಕೈ ತೊಳೆದು ಬಂದು ಮತ್ತೆ ಕೂತೆ. ಮೊನ್ನೆಯ 'ಅಪ್ರಸ್ತುತ' ಗುಂಪನ್ನು ತೆರೆದು ನೋಡಿದೆ. ಮೂವತ್ತೊಂದು ಸಾಲುಗಳಿವೆ.

ಅಕ್ಟೋಬರ್ ೨೮, ಸೋಮವಾರ

ವಿಲ್ಮರ್‌ನ ಆಫೀಸಿಗೆ ಹೋದೆ. ಆ ಮನುಷ್ಯ ಮೇಜಿನ ಮೇಲೆ ಹುರಿದ ಹಂದಿಮಾಂಸ ಹರಡಿಕೊಂಡು ಕೂತಿದ್ದ. ಬೆರಳೆಲ್ಲ ಜಿಡ್ಡು, ಅದೇ ಬೆರಳಲ್ಲಿ ನನ್ನ ವರದಿ ತಿರುವಿದ.

"ಮಹಾತಾಯಿ, ಆರು ಸಾವಿರ ಪುಟದ ವಿಷಯ ಬರೆದಿದ್ದೀಯಲ್ಲ, ಸೂಪರ್. ಈ ಎಚ್ಚರಿಕೆ ಗಿಚ್ಚರಿಕೆ ಸಾಲು ಮಾತ್ರ ಬಿಟ್ಬಿಡು."

"ಯಾಕೆ ಬಿಡ್ಲಿ? ಜನ ಸಾಯ್ತಾರೆ ವಿಲ್ಮರ್."

"ಯಾರು ಸತ್ತವ್ರೆ? ಹೆಸರು ಹೇಳು. ನಮ್ಮನ್ನ ಕರೆದಿರೋದು ಸೈಟ್ ನೋಡೋಕೆ, ಪೊಲೀಸ್ ಕೆಲಸ ಮಾಡೋಕಲ್ಲ."

"ಅವರ ಎಂಜಲು ನೆಕ್ಕೋಕೆ ನಿನಗೆ ನಾಚಿಕೆ ಆಗಲ್ವಾ?"

ಅವನು ನಗಲಿಲ್ಲ. ಬೆರಳು ಒರೆಸಿಕೊಂಡ. "ಮಾರ್ಲೇನೆ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಬಿಟ್ಬಿಡು."

ನನ್ನ ಒಳ್ಳೆಯದಕ್ಕಂತೆ. ಇವನ ಮೀಸೆಯ ತುದಿಯಲ್ಲೂ ಹಂದಿಯ ಕೊಬ್ಬು ಇತ್ತು. ಸಾಲು ಬಿಡಲಿಲ್ಲ. ವರದಿಯ ಮೊದಲನೆಯ ಸಾಲೇ ಅದಾಗುವಂತೆ ಮೇಲಕ್ಕೆ ತಂದು ನೇರ ಕಾಲ್ವೆರ್ಟಾಕ್ಕೆ ಕಳಿಸಿದೆ.

ಅಕ್ಟೋಬರ್ ೩೦, ಬುಧವಾರ

ಕಾಲ್ವೆರ್ಟಾದ ಮಾರಾಟದ ಮುಖ್ಯಸ್ಥೆ ದೊಮೇನಿಕಾ ಸಾಲ್ವತಿಯೆರ್ರಾ ಕರೆಸಿದ್ದಳು. 'ಸೆನ್ಯೋರಾ' ಎಂದು ಕರೆದದ್ದಕ್ಕೆ "ಇಂಜಿನಿಯರ್ ಅನ್ನಿ" ಎಂದು ತಿದ್ದಿದಳು. ಊರಿಗೆಲ್ಲ ಕತ್ತಲೆ, ಇವಳ ಕೋಣೆಯಲ್ಲಿ ಹಗಲಲ್ಲೂ ಆರು ದೀಪ.

"ಇಂಜಿನಿಯರೇ, ಆ ಪುಟಾನ ಬಚ್ಚಿಟ್ಟಿದ್ದು ಯಾಕೆ?" ನೇರ ಕೇಳಿದೆ.

"ನಾವು ಬಚ್ಚಿಟ್ಟಿಲ್ಲಮ್ಮ. ಸರ್ಕಾರ ಹಾಕಿ ಅಂತು, ಹಾಕಿದ್ವಿ. ಆಮೇಲೆ ಯಾರೋ ಸೈಟ್ ಸ್ವಚ್ಛ ಮಾಡೋರು ಬಂದು ತೆಗೆಸಿದ್ರು."

"ಯಾರೋ ಅಂದ್ರೆ ಯಾರು?"

"ನಾನಾಗ ಇರಲಿಲ್ಲ. ಪಟ್ಟಿ ಇದೆ, ಹುಡುಕಿಸಿ ಕಳಿಸ್ತೀನಿ."

ಸುಳ್ಳಿನ ಮುಖ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಆ ಕೋಣೆಗೆ ಕಳಿಸುತ್ತೇನೆ. ಸೆಂಟಿನ ವಾಸನೆ ಬಸ್ಸಿನಲ್ಲಿ ಮನೆಯವರೆಗೂ ಅಂಟಿಕೊಂಡು ಬಂತು. ಇಳಿದ ಮೇಲೆ ತಾರ್ಹೇಲಿಯಾಳ ಕಿಟಕಿ ಕಂಡಿತು. ಬಚ್ಚಲಿನ ಗೋಡೆಯಲ್ಲಿ ಹೊಸದಾಗಿ ಕೊರೆದ ತೂತು, ಅದರಿಂದ ಒಂದು ಕೊಳವೆ.

ಬಾಗಿಲು ತಟ್ಟಿದೆ. "ಸಂತೇಲಿ ಹಳೇದು ಸಿಕ್ತು ಮಗಳೇ, ನನ್ನ ತಂಗಿ ಮಗ ಹಾಕಿಕೊಟ್ಟ" ಎಂದು ಹಿಗ್ಗಿ ಹೇಳಿದಳು. ಬಚ್ಚಲಿಗೆ ನುಗ್ಗಿದೆ. ಒದ್ದೆ ಬಟ್ಟೆಯ ಮುಗ್ಗಲು, ಬೆಕ್ಕಿನ ಮೂತ್ರ. ಮೊಬೈಲ್ ಬೆಳಕಲ್ಲಿ ಬಗ್ಗಿ ನೋಡಿದೆ. ಬೇರೆ ಕಂಪನಿಯದು, ಸಿವಿ ಹತ್ತು ಅಲ್ಲ. ಅವಳ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬೇಯಿಸಿದ ಜೋಳ ಕೊಟ್ಟಳು. ಉಪ್ಪು ಸಾಲದಿತ್ತು. ತಿಂದೆ.

ನವೆಂಬರ್ ೨, ಶನಿವಾರ

ಸತ್ತವರ ದಿನ. ತಾರ್ಹೇಲಿಯಾ ನೇರಳೆ ಬಣ್ಣದ ಹಣ್ಣಿನ ಗಂಜಿಯನ್ನೂ ಮಗುವಿನ ಆಕಾರದ ಬ್ರೆಡ್ಡನ್ನೂ ತಂದಳು. ಬೀದಿಯಲ್ಲಿ ಇನ್ಯಾರ ಮನೆಯಲ್ಲಿ ಗ್ಯಾಸ್ ಗೀಸರ್ ಇದೆ ಎಂದು ಕೇಳಿದೆ. ಎಂಟು ಮನೆ ಎಣಿಸಿದಳು. ಮಧ್ಯಾಹ್ನ ಅವಳನ್ನೂ ಟಾರ್ಚನ್ನೂ ಕಟ್ಟಿಕೊಂಡು ಎಂಟೂ ಮನೆಗೆ ಹೋದೆ. ಎಂಥೆಂಥ ಬಚ್ಚಲು, ದೇವರೇ! ಒಂದರಲ್ಲಿ ಕೋಳಿ ಕಟ್ಟಿದ್ದರು. ಒಂದು ಸಿವಿ ಹತ್ತು ಸಿಕ್ಕಿತು, ಹೊಲಿಗೆಯವನ ಮನೆಯಲ್ಲಿ, ಅಂಗಳದ ಬಯಲಲ್ಲಿ ಹಾಕಿದ್ದು. ಆದರೂ ನಿಲ್ಲಿಸಲು ಹೇಳಿ ಎಚ್ಚರಿಕೆಯ ಪುಟದ ನಂಬರು ಬರೆದುಕೊಟ್ಟೆ.

"ಇವಳು ಮಾತಾಡ್ತಾಳೆ ಅಂತ್ಲೇ ಗೊತ್ತಿರ್ಲಿಲ್ಲ ನಂಗೆ" ಎಂದು ಹೊಲಿಗೆಯವನ ಹೆಂಡತಿ ತಾರ್ಹೇಲಿಯಾಳಿಗೆ ಹೇಳಿದಳು, ನಾನು ಎದುರಿಗೇ ನಿಂತಿರುವಾಗ. ಈ ಜನಕ್ಕೆ ಮರ್ಯಾದೆಯೇ ಇಲ್ಲ.

ನವೆಂಬರ್ ೬, ಬುಧವಾರ

ಸಾಲ್ವತಿಯೆರ್ರಾ ಪಟ್ಟಿ ಕಳಿಸಿದಳು. ೨೦೨೧ರದು. 'ಸರ್ಚ್‌ನಿಂದ ತೆಗೆಯಬೇಕಾದ ಪುಟಗಳು', ನಾನೂರ ಹನ್ನೆರಡು ಸಾಲು. ನಿಯಮ ಮೇಲೆಯೇ ಇದೆ: ತೊಂಬತ್ತು ದಿನದಲ್ಲಿ ಹತ್ತಕ್ಕಿಂತ ಕಡಿಮೆ ಭೇಟಿ ಇರುವ ಎಲ್ಲ ಪುಟ.

ಇನ್ನೂರ ಎಂಬತ್ತೇಳನೆಯ ಸಾಲು: ಸುರಕ್ಷತಾ ಎಚ್ಚರಿಕೆ, ಸಿವಿ ಹತ್ತು. ಭೇಟಿ: ಏಳು. ತೀರ್ಮಾನ: ಕಸ.

ಕಸ.

ನವೆಂಬರ್ ೭, ಗುರುವಾರ

ಏನೂ ತಿನ್ನಲಿಲ್ಲ. ಆ ಪಟ್ಟಿ ನನ್ನದೇ.

೨೦೨೧ರಲ್ಲಿ ವಿಲ್ಮರ್ ವಾರಕ್ಕೆ ಮೂರು ಸೈಟ್ ಕೊಡುತ್ತಿದ್ದ. ಕಂಪನಿಯ ಹೆಸರೂ ನೋಡದೆ ಪಟ್ಟಿ ಹಿಡಿದು ಉಜ್ಜುತ್ತಿದ್ದೆ. ಯಾರೂ ನೋಡದ ಪುಟಗಳು ಸೈಟಿಗೆ ಭಾರ, ತೆಗೆದರೆ ಉಳಿದವು ಮೇಲೇಳುತ್ತವೆ. ಈ ಕೆಲಸದವರೆಲ್ಲ ಹೀಗೇ ಮಾಡುತ್ತಾರೆ, ಸಮ್ಮೇಳನಗಳಲ್ಲಿ ಚಪ್ಪಾಳೆ ಹೊಡೆಯುತ್ತಾರೆ, ನನಗೂ ಒಮ್ಮೆ ಹೊಡೆದಿದ್ದಾರೆ. ಭೇಟಿ ಎಷ್ಟು ಎಂದು ನೋಡುತ್ತೇವೆ. ಪುಟ ತೆರೆದು ಓದುವುದಿಲ್ಲ. ನಾನೂರ ಹನ್ನೆರಡನ್ನು ಯಾರು ಓದುತ್ತಾರೆ? ಆ ಏಳು ಭೇಟಿ ಯಾರದ್ದು ಎಂದು ಆಗ ಯೋಚಿಸಲಿಲ್ಲ. ಏಳು ಮನೆ. ಎಚ್ಚರಿಕೆ ಓದಿ ಗೀಸರ್ ನಿಲ್ಲಿಸಿದ ಏಳು ಮನೆ. ಅದಾದ ಮೇಲೆ ಸೊನ್ನೆ, ಮೂರು ವರ್ಷ.

ವಿಲ್ಮರ್‌ಗೆ ಮೊದಲೇ ಗೊತ್ತಿತ್ತು. ನನ್ನ ಒಳ್ಳೆಯದಕ್ಕೆ ಎಂದದ್ದು ನಿಜವೇ ಆಗಿತ್ತು. ಅದು ಇನ್ನೂ ಅಸಹ್ಯ.

ನವೆಂಬರ್ ೮, ಶುಕ್ರವಾರ

ವರದಿಯಲ್ಲಿ 'ದೋಷಕ್ಕೆ ಕಾರಣ' ಎಂಬ ಕಾಲಂ ಇದೆ. ಅದನ್ನು ಖಾಲಿ ಬಿಟ್ಟು ಕಳಿಸಿದ್ದೆ. ಈಗ ತುಂಬಿದೆ: '೨೦೨೧ರ ಪರಿಶೀಲಕಿ ಮಾರ್ಲೇನೆ ಟಿಪಾನ್ ಪುಟವನ್ನು ಓದದೆ ತೆಗೆಸಿದರು'. ಕಾಲ್ವೆರ್ಟಾಕ್ಕೆ ಮತ್ತೆ ಕಳಿಸಿದೆ, ವಿಲ್ಮರ್‌ಗೂ ಒಂದು ಪ್ರತಿ.

ಐದೇ ನಿಮಿಷದಲ್ಲಿ ಫೋನ್. "ಹುಚ್ಚು ಹಿಡಿದಿದೆಯಾ ನಿಂಗೆ? ನಿನ್ನ ಕತ್ತು ನೀನೇ ಕೊಯ್ಕೊಂಡು, ನನ್ನ ಕತ್ತನ್ನೂ ಅವರ ಕೈಗೆ ಕೊಟ್ಟೆಯಲ್ಲೇ!"

"ಪುಟ ತೆರೆಸ್ತಾರೆ ತಾನೆ?"

"ನಾಳೆಯಿಂದ ಬರಬೇಡ" ಎಂದ. ನಾನೆಲ್ಲಿ ಹೋಗುತ್ತಿದ್ದೆ, ಮನೆಯಿಂದಲೇ ಅಲ್ಲವೇ ಕೆಲಸ.

ನವೆಂಬರ್ ೧೨, ಮಂಗಳವಾರ

ತೆರೆಸಿದರು! ನನ್ನ ಮೊದಲ ಸಾಲು ಓದಿಯೂ ಎರಡು ವಾರ ಕದಲದವರು, ದೂರಲು ಒಬ್ಬಳು ಸಿಕ್ಕಿದ್ದೇ ತಡ, ಎರಡೇ ಕೆಲಸದ ದಿನದಲ್ಲಿ ಮಾಡಿ ಮುಗಿಸಿದರು. ಆಜ್ಞೆ ತೆಗೆದಿದ್ದಾರೆ, ನಕ್ಷೆಗೆ ಸೇರಿಸಿದ್ದಾರೆ, ಸಿವಿ ಹತ್ತರ ಮಾರಾಟದ ಪುಟದಿಂದ ಕೆಂಪಕ್ಷರದ ಲಿಂಕ್ ಕೊಟ್ಟಿದ್ದಾರೆ. ಎಚ್ಚರಿಕೆಯ ಮೊದಲ ಪ್ಯಾರಾ ಹೊಸದು: 'ಹೊರಗಿನ ತಂತ್ರಜ್ಞೆ ಮಾರ್ಲೇನೆ ಟಿಪಾನ್ ಅವರ ನಿರ್ಲಕ್ಷ್ಯದಿಂದ ಈ ಮಾಹಿತಿ ಮೂರು ವರ್ಷ ಸಾರ್ವಜನಿಕರಿಗೆ ದೊರೆಯಲಿಲ್ಲ. ಕಾಲ್ವೆರ್ಟಾ ವಿಷಾದಿಸುತ್ತದೆ.' ಲಿಂಕ್ ಕಡಿದುಹೋಗಿದ್ದನ್ನು ಮೂರು ವರ್ಷ ಒಬ್ಬನೂ ನೋಡಲಿಲ್ಲವಲ್ಲ, ಅದು ಎಲ್ಲೂ ಇಲ್ಲ. ಟವೆಲ್ ಹೆಂಗಸು ಇನ್ನೂ ನಗುತ್ತಿದ್ದಾಳೆ.

ಪುಟವನ್ನು ಬೇಗ ಬಂದು ನೋಡಲಿ ಎಂದು ಸರ್ಚ್ ಇಂಜಿನ್ನಿಗೆ ಅರ್ಜಿ ಹಾಕಿದೆ. ಸೈಟಿನೊಳಗೆ ಹೋಗುವ ನನ್ನ ಪಾಸ್‌ವರ್ಡ್ ಇನ್ನೂ ನಡೆಯುತ್ತದೆ. ಅದನ್ನು ಕಿತ್ತುಹಾಕುವಷ್ಟು ಅಚ್ಚುಕಟ್ಟೂ ಅವರಿಗಿಲ್ಲ.

ನವೆಂಬರ್ ೧೩

ಇಲ್ಲ.

ನವೆಂಬರ್ ೧೪

ಇನ್ನೂ ಇಲ್ಲ. ಕರೆಂಟ್ ಬಂದಾಗಲೆಲ್ಲ ಟೈಪ್ ಮಾಡಿ ನೋಡುತ್ತೇನೆ. ತಾರ್ಹೇಲಿಯಾ ಬಂದು ಪಕ್ಕದಲ್ಲಿ ಕೂತು, "ಬಂತಾ?" ಎಂದು ಕೇಳುತ್ತಾಳೆ, ಯಾರೋ ಬಸ್ಸಿಳಿದು ಬರಬೇಕಾದವರ ಹಾಗೆ.

ನವೆಂಬರ್ ೧೬, ಶನಿವಾರ

ಬಂತು. 'ಸಿವಿ ಹತ್ತು ತಲೆನೋವು' ಎಂದರೆ ಮೊದಲನೆಯದು. 'ಸಿವಿ ಹತ್ತು' ಎಂದಷ್ಟೇ ಹೊಡೆದರೆ ಎರಡನೆಯದು. 'ಮಾರ್ಲೇನೆ ಟಿಪಾನ್' ಎಂದು ಹೊಡೆದರೂ ಮೊದಲನೆಯದು ಅದೇ. ನನ್ನ ಹಳೆಯ ಭಾಷಣ, ಸರ್ಟಿಫಿಕೇಟು, ಎಲ್ಲ ಅದರ ಕೆಳಗೆ.

ಮಧ್ಯಾಹ್ನ ವಿಲ್ಮರ್ ಬಂದ. ಒಳ್ಳೆಯವನ ಮುಖ ಹಾಕಿಕೊಂಡು ಬಾಳೆಹಣ್ಣು ತಂದಿದ್ದ.

"ನಿನ್ನ ಹೆಸರು ನೋಡಿದೆ. ಇನ್ನು ಈ ಊರಲ್ಲಿ ಯಾರೂ ನಿಂಗೆ ಕೆಲಸ ಕೊಡಲ್ಲ."

"ಗೊತ್ತು."

"ಒಳಗೆ ಹೋಗೋಕೆ ದಾರಿ ಇದೆಯಲ್ಲ ನಿಂಗೆ? ಪಟ್ಟಿಗೆ ಸೇರಿಸಬೇಡ ಅನ್ನೋ ಅದೇ ಒಂದು ಸಾಲು ಮತ್ತೆ ಹಾಕು. ಪುಟ ಅಲ್ಲೇ ಇರುತ್ತೆ, ಹುಡುಕಿದ್ರೆ ಸಿಗಲ್ಲ ಅಷ್ಟೇ. ಅವರು ಇನ್ನೊಂದು ಮೂರು ವರ್ಷ ನೋಡಲ್ಲ. ಕೆಟ್ಟ ಹೆಸರು ಹೋಯ್ತು, ನಾನು ಮತ್ತೆ ಕೆಲಸ ಕೊಡ್ತೀನಿ."

"ಪ್ಯಾರಾ ಮಾತ್ರ ತೆಗೆದ್ರೆ?"

"ಅದನ್ನ ಮಾರನೇ ದಿನವೇ ಕಂಡುಹಿಡೀತಾರೆ, ಅವರ ವಕೀಲರು ಬರೆದಿರೋದು. ಪುಟ ಮರೆಯಾದ್ರೆ ಮಾತ್ರ ಅವರಿಗೆ ಖುಷಿ."

ಹೋಗು ಎನ್ನಲಿಲ್ಲ. ಕಾಫಿ ಕೊಟ್ಟೆ. ಅವನು ಹೋದ ಮೇಲೆ ಒಳಕ್ಕೆ ಹೋಗಿ ಆ ಸಾಲು ಇರುತ್ತಿದ್ದ ಜಾಗವನ್ನು ನೋಡಿದೆ. ಬೆರಳು ಕೀಲಿಗಳ ಮೇಲಿತ್ತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಕರೆಂಟ್ ಹೋಯಿತು.

ನವೆಂಬರ್ ೧೯, ಮಂಗಳವಾರ

ಬೆಳಗ್ಗೆ ಒಂಬತ್ತಕ್ಕೆ ಗುರುತಿಲ್ಲದ ನಂಬರಿನಿಂದ ಫೋನ್.

"ಆ ಪುಟದಲ್ಲಿರೋ ಮಾರ್ಲೇನೆ ಟಿಪಾನ್ ನೀನೇನಾ? ಹುಡುಕಿ ಹುಡುಕಿ ಸಾಕಾಯ್ತು ನಿನ್ನ ನಂಬರು."

"ನಾನೇ."

ಲತಾಕುಂಗಾದಲ್ಲಿ ಟ್ರಕ್ ಓಡಿಸುವವನಂತೆ. ಹೆಸರು ಹೇಳಲಿಲ್ಲ. ಕೇಳಬಾರದ ಮಾತುಗಳನ್ನೆಲ್ಲ ಅಂದ, ನನ್ನ ಅಮ್ಮನನ್ನೂ ಬಿಡಲಿಲ್ಲ. ಫೋನ್ ಇಡಬಹುದಿತ್ತು, ಇಡಲಿಲ್ಲ. ಆಗಸ್ಟಿನಲ್ಲಿ ಅವನ ಹೆಂಡತಿ ಎರಡು ಸಲ ಬಚ್ಚಲಲ್ಲಿ ಬಿದ್ದಿದ್ದಳಂತೆ.

"ಆಗಲೇ ಹೊಡೆದು ನೋಡಿದ್ದೆ ಕಣೇ ನಾನು! ಸಿವಿ ಹತ್ತು ತಲೆಸುತ್ತು ಅಂತ. ಏನು ಬಂತು ಗೊತ್ತಾ? ಈಗಲೇ ಆರ್ಡರ್ ಮಾಡಿ ಅಂತ ಬಂತು. ಗೀಸರ್ ಸರಿ ಇದೆ, ಹೆಂಗಸೇ ಸರಿ ಇಲ್ಲ ಅಂದ್ಕೊಂಡೆ. ನಿಂದೆಲ್ಲ ನಾಟಕ, ಕೆಲಸ ತಪ್ಪಿಸ್ಕೊಳ್ಳೋಕೆ ಬೀಳ್ತೀಯ ಅಂತ ಮೂರು ತಿಂಗಳು ಅಂದಿದೀನಿ ಅವಳಿಗೆ. ಮಕ್ಕಳ ಮುಂದೆ ಅಂದಿದೀನಿ. ಭಾನುವಾರ ಮತ್ತೆ ಬಿದ್ಲು, ಮತ್ತೆ ಹೊಡೆದೆ, ನಿನ್ನ ಹೆಸರು ಬಂತು. ಅವತ್ತೇ ಗೀಸರ್ ಕಿತ್ತು ಅಂಗಳಕ್ಕೆಸೆದೆ. ಅವಳು ಬದುಕಿದಾಳೆ. ನಾನು ಅಂದಿದ್ದನ್ನೆಲ್ಲ ಯಾವ ಪುಟದಿಂದ ತೆಗೀತೀಯ, ಹೇಳು!"

ಅವಳಿಗೆ ತಲೆನೋವು ಇನ್ನೂ ಇದೆಯಾ ಎಂದು ಕೇಳಿದೆ. ಇದೆ ಎಂದ. ವಿಷಗಾಳಿ ಕುಡಿದದ್ದು ಎಂದು ಡಾಕ್ಟರಿಗೆ ಹೇಳಬೇಕು, ಇವತ್ತೇ ಕರೆದುಕೊಂಡು ಹೋಗಿ ಎಂದೆ. ಎರಡು ಸಲ ಹೇಳಿಸಿ ಬರೆದುಕೊಂಡ. ಮತ್ತೊಮ್ಮೆ ಬೈದು ಇಟ್ಟ.

ಹತ್ತೂವರೆಯವರೆಗೆ ಕರೆಂಟ್ ಇತ್ತು. ಸೈಟಿನೊಳಕ್ಕೆ ಹೋಗುವ ನನ್ನ ದಾರಿಯನ್ನು ಮುಚ್ಚಿರಿ ಎಂದು ಕಾಲ್ವೆರ್ಟಾಕ್ಕೆ ಬರೆದೆ. ಅವರು ಮುಚ್ಚುವವರೆಗೆ ಕಾಯುವುದು ಬೇಡ ಎನಿಸಿ, ಪಾಸ್‌ವರ್ಡ್ ಬದಲಿಸುವ ಜಾಗದಲ್ಲಿ ಕಣ್ಣುಮುಚ್ಚಿ ಕೈಗೆ ಬಂದ ಕೀಲಿಗಳನ್ನೆಲ್ಲ ಒತ್ತಿ, ಅದನ್ನೇ ನಕಲಿಸಿ ಎರಡನೆಯ ಸಲವೂ ಅಂಟಿಸಿ ಉಳಿಸಿಬಿಟ್ಟೆ. ಏನು ಒತ್ತಿದೆನೋ ನನಗೂ ಗೊತ್ತಿಲ್ಲ.